ಸೂತ್ರಧಾರರಿಗೆ ಮಾತ್ರ

ಒಂದಾನೊಂದು ಕಾಲದಲ್ಲಿ ಬೆಳಕು ಕದಿಯುವವರ ಒಂದು ಮಂಡಳಿ ಇತ್ತಂತೆ — ಅಂತ ಶುರುಮಾಡಿದರೆ ಹೇಗೆ, ಹಬೆ ಏಳುತ್ತಿದೆ, ಇಸ್ತ್ರಿಪೆಟ್ಟಿಗೆಯ ಮೂತಿಯಿಂದ ಬುಸ್ಸೆಂದು ಎದ್ದ ಹಬೆ ಕಪ್ಪು ಕೋಟಿನ ತೋಳೊಳಗೆ ನುಗ್ಗಿ ಕತ್ತಿನಿಂದ ಹೊರಬರುತ್ತಿದೆ, ಒಳಗೆ ಯಾರೋ ನಿಂತು ಉಸಿರು ಬಿಟ್ಟ ಹಾಗೆ, ಅಜ್ಜಿಯಾಗಿದ್ದರೆ ಇಷ್ಟಕ್ಕೇ ಒಂದು ಕಥೆ ಎತ್ತಿಬಿಡುತ್ತಿದ್ದಳು, ಒಬ್ಬ ರಾಜ ಇದ್ದನಂತೆ, ಅವನಿಗೆ ಮೈಯೇ ಇರಲಿಲ್ಲವಂತೆ, ಬರೀ ಕೋಟಂತೆ — ಆದರೆ ಪುಸ್ತಕ ವಿಮರ್ಶೆಯನ್ನು ಹಾಗೆಲ್ಲ ಶುರುಮಾಡುವ ಹಾಗಿಲ್ಲ, ಸಂಪಾದಕಿ ಬಿಡುವುದಿಲ್ಲ, ಕನಸುಗಣ್ಣಿ, ನಿನ್ನ ಅಜ್ಜಿಕಥೆ ಆಮೇಲಿರಲಿ, ಪುಸ್ತಕ ಹೇಗಿದೆ ಅದನ್ನ ಹೇಳು ಮೊದಲು. ಇವತ್ತು ಈ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಮುಚ್ಚುವುದರೊಳಗೆ ಕಳಿಸುತ್ತೇನೆ ಅಂತ ಮಾತು ಕೊಟ್ಟಾಗಿದೆ, ಇಲ್ಲಿ ಕೆಲಸಕ್ಕಿರುವ ಅವಳು ಹಿಂದೆಯೂ ಕೊಟ್ಟಿದ್ದಳು, ತಪ್ಪಿದ್ದಳು, ಇನ್ನು ತಪ್ಪುವ ಹಾಗಿಲ್ಲ, ಪತ್ರಿಕೆಯಲ್ಲಿ ಅವಳ ಬರಹದ ಜಾಗ ಬಿಟ್ಟು ಉಳಿದದ್ದೆಲ್ಲ ತುಂಬಿದೆಯಂತೆ, ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿದೆಯಂತೆ. ಪುಸ್ತಕ ಕೌಂಟರಿನ ಕೆಳಗೆ ಅವಳ ಚೀಲದಲ್ಲಿ ಕೂತಿದೆ. ಅದರ ಹಿಂದಿನ ಅರ್ಧಕ್ಕೆ ಅವಳೇ ಬಟ್ಟೆ ಒಣಗಿಸುವ ಕ್ಲಿಪ್ಪೊಂದನ್ನು ಕಚ್ಚಿಸಿದ್ದಾಳೆ, ಪುಟಗಳು ತಾವಾಗಿಯೇ ತೆರೆದುಕೊಂಡು ಕಣ್ಣಿಗೆ ಬಿದ್ದುಬಿಡಬಾರದು ಅಂತ. ಕ್ಲಿಪ್ಪಿನ ಈಚೆಗಿನ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿದೆ, ಇಲ್ಲಿಂದ ಮುಂದೆ ಸೂತ್ರಧಾರರಿಗೆ ಮಾತ್ರ. ಅದರಾಚೆ ಅವಳು ಹೋಗುವ ಹಾಗಿಲ್ಲ, ಹೋಗದೆ ಬರೆಯುವ ಹಾಗೂ ಇಲ್ಲ, ಕೋಟಿನ ಎಡತೋಳು ಆಯಿತು, ಬಲತೋಳು.

ಪುಸ್ತಕದ ಹೆಸರು ಆರಿದ ದೀಪದ ಮಂಡಳಿ, ಕಾದಂಬರಿಯಲ್ಲ, ಆಟದ ಪುಸ್ತಕ, ಮೇಜಿನ ಸುತ್ತ ಕೂತು ಆಡುವ ಕಥೆಯಾಟವೊಂದಕ್ಕೆ ಪೂರಕವಾಗಿ ಬಂದದ್ದು — ಒಬ್ಬರು ಕಥೆ ನಡೆಸುತ್ತಾರೆ, ಅವರು ಸೂತ್ರಧಾರ, ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬರಾಗಿ ಹೊಕ್ಕು ನಾನು ಬಾಗಿಲು ತಳ್ಳುತ್ತೇನೆ, ನಾನು ಮರೆಯಲ್ಲಿ ನಿಲ್ಲುತ್ತೇನೆ ಅನ್ನುತ್ತಾರೆ, ಬಾಗಿಲು ತೆರೆಯಿತೋ ಇಲ್ಲವೋ ದಾಳ ಹೇಳುತ್ತದೆ — ಅಂಗಡಿಯ ಯಜಮಾನಮ್ಮನಿಗೆ ಇದನ್ನು ಬಿಡಿಸಿ ಹೇಳಿದಾಗ ಅವರು ಹ್ಯಾಂಗರಿಗೆ ಪ್ಯಾಂಟು ಸಿಕ್ಕಿಸುತ್ತಾ, ಹಾಗಾದ್ರೆ ಗೆಲ್ಲೋದು ಯಾರು, ಯಾರೂ ಗೆಲ್ಲಲ್ಲ ಅಮ್ಮ, ಮತ್ತೆ ಯಾಕೆ ಆಡ್ತೀರಿ, ಮುಂದೇನಾಗುತ್ತೆ ಅಂತ ನೋಡೋಕೆ, ಯಜಮಾನಮ್ಮ ಸ್ವಲ್ಪ ಯೋಚಿಸಿ, ನಾನು ಮದುವೆ ಆಗಿದ್ದೂ ಅದಕ್ಕೇ ಕಣೆ, ಅಂದಿದ್ದರು. ಭಾನುವಾರದ ಮಧ್ಯಾಹ್ನಗಳು, ಅಕ್ಕನ ಅಡುಗೆಮನೆಯ ಮೇಜು, ಅದರ ಒಂದು ಕಾಲಿಗೆ ಮಡಚಿದ ರಟ್ಟು, ಆ ಕಡೆ ತುದಿಯಲ್ಲಿ ಲಿಫ್ಟ್ ರಿಪೇರಿ ಮಾಡುವ ಗೆಳೆಯ, ಅವನೇ ಸೂತ್ರಧಾರ, ಈ ಕಡೆ ಅಕ್ಕ, ಚಪ್ಪಲಿ ಅಂಗಡಿಯ ಮೌನಿ, ಅವಳು. ಮೌನಿ ಇಡೀ ಮಧ್ಯಾಹ್ನ ಒಂದು ಮಾತಾಡಿದರೆ ಹೆಚ್ಚು, ಆಡಿದ ಆ ಒಂದು ಮಾತಿಗೆ ಸೂತ್ರಧಾರನ ಕೋಟೆಯೊಂದು ಉರುಳಿರುತ್ತದೆ. ಅಕ್ಕನದು ಇನ್ನೊಂದು ಥರ, ಎದುರಿಗೆ ಕತ್ತಿ ಹಿರಿದು ನಿಂತವನಿಗೂ, ಹೆಣ ತಿನ್ನುವ ಪಿಶಾಚಿಗೂ, ಅಕ್ಕ ಮೊದಲು ಕೇಳುವುದು ಊಟ ಆಯ್ತಾ ಅಂತಲೇ, ಸೂತ್ರಧಾರ ತಲೆ ಚಚ್ಚಿಕೊಳ್ಳುತ್ತಾನೆ, ಅದು ಪಿಶಾಚಿ ಕಣೇ, ಪಿಶಾಚಿ ಆದ್ರೇನು ಹಸಿವಾಗಲ್ವಾ. ಆಟದ ಮೂಲ ಪುಸ್ತಕದಲ್ಲಿ ಈ ಮಂಡಳಿಯ ವಿಷಯ ಇದ್ದದ್ದು ಒಂದೇ ಪ್ಯಾರಾ: ಕಪ್ಪು ನಿಲುವಂಗಿಯ ಮಾಟಗಾರರು, ಕದ್ದು ಮನೆ ಹೊಕ್ಕು ದೀಪ ಆರಿಸುತ್ತಾರೆ, ದೀಪ ಆರಿದ ಮನೆಯವರು ತಮ್ಮಲ್ಲೊಬ್ಬರನ್ನು ಮರೆತುಬಿಡುತ್ತಾರೆ, ಮರೆತುಹೋದವರು ಮಂಡಳಿಯ ಪಾಲು. ಆ ಒಂದು ಹಿಡಿ ಹಿಟ್ಟನ್ನೇ ನಾದಿ ನಾದಿ ಸೂತ್ರಧಾರ ಎರಡು ವರ್ಷ ಕಥೆ ಲಟ್ಟಿಸಿದ್ದಾನೆ. ಅದರಲ್ಲಿ ಅವಳ ಪಾತ್ರ ನೂಲು ತೆಗೆಯುವ ಒಬ್ಬ ಹುಡುಗಿ. ದೀಪ ಆರಿದ ದಿನ ಹುಡುಗಿ ಮನೆಯಲ್ಲಿರಲಿಲ್ಲ, ಹಾಗಾಗಿ ಅವಳಿಗೊಬ್ಬಳಿಗೇ ಅಮ್ಮ ನೆನಪಿದ್ದಾಳೆ, ಅಪ್ಪ ಮರೆತಿದ್ದಾನೆ, ಊರು ಮರೆತಿದೆ, ನಿಂಗೆ ಅಮ್ಮ ಅಂತ ಇದ್ದಿದ್ದಾದ್ರೂ ಯಾವಾಗ ಅನ್ನುತ್ತಾರೆ, ಹುಡುಗಿ ರಾಟೆ ಬಿಟ್ಟು ಹೊರಟಿದ್ದಾಳೆ, ಎರಡು ವರ್ಷ ಅಲೆದು ಈಗ ಮಂಡಳಿಯ ಒಳಕೋಣೆಯ ಬಾಗಿಲ ಮೇಲೆ ಅಂಗೈ ಇಟ್ಟು ನಿಂತಿದ್ದಾಳೆ, ಅಲ್ಲಿಗೆ ಆಟ ನಿಂತಿದೆ, ಕಡೆಯ ಕೂಟ ಯಾವಾಗ ಅಂದರೆ ಸೂತ್ರಧಾರನಿಗೆ ಒಂದು ವಾರ ಹಲ್ಲುನೋವು, ಮರುವಾರ ನೆಂಟರು. ಅಷ್ಟರಲ್ಲಿ ಸಂಪಾದಕಿಯ ಫೋನು, ಹೊಸ ಪೂರಕ ಪುಸ್ತಕ ಬಂದಿದೆ, ದುಷ್ಟರ ಗುಪ್ತ ಸಂಘವೊಂದರ ಬಗ್ಗೆ, ಬರೀತೀಯಾ, ಯಾವ ಸಂಘ ಅಂತ ಕೇಳಬೇಕಿತ್ತು, ಕೋಟೊಂದರ ಗುಂಡಿ ಹುಡುಕುತ್ತಿದ್ದಳು, ಹೂಂ ಅಂದುಬಿಟ್ಟಳು. ಕಟ್ಟು ಬಿಚ್ಚಿದರೆ ಮೇಲುಹೊದಿಕೆಯ ಮೇಲೆ ಆರಿದ ದೀಪ, ಬತ್ತಿಯ ತುದಿಯಿಂದ ಹೊಗೆ. ಇಂಥ ಎಲ್ಲ ಮೇಜುಗಳಿಗೂ ಇರುವ ನಿಯಮ ಅವರ ಮೇಜಿಗೂ ಇದೆ, ಗುಟ್ಟು ಓದಿದವರು ಆಡುವ ಹಾಗಿಲ್ಲ, ಕುರ್ಚಿ ಬಿಡಬೇಕು, ಅವರ ಪಾತ್ರ ಬೇರೆಯವರ ಕೈಗೆ ಹೋಗುತ್ತದೆ. ಅಂದರೆ ಬಾಗಿಲ ಮೇಲಿನ ಅಂಗೈ ಬೇರೆ ಯಾರದೋ ಆಗುತ್ತದೆ.

ಹಾಗಂತ ಕ್ಲಿಪ್ಪಿನ ಈಚೆಗಿನ ಅರ್ಧ ಏನು ಕಡಿಮೆಯದೇ, ಅಲ್ಲ, ಅದನ್ನು ಅವಳು ಬಸ್ಸಿನಲ್ಲಿ ನಿಂತು ಓದಿದ್ದಾಳೆ, ಇಳಿಯುವ ಜಾಗ ದಾಟಿಹೋಗಿದ್ದಾಳೆ. ದುಷ್ಟರ ಪುಸ್ತಕ ಅಂದರೆ ತಲೆಬುರುಡೆ, ಬಾಕು, ರಕ್ತದ ಬಟ್ಟಲು ಅಂತ ನಿರೀಕ್ಷಿಸಿದ್ದಳು, ಅವೂ ಇವೆ, ಆದರೆ ಬರೆದವನ ಕಣ್ಣು ಬೇರೆ ಕಡೆ, ಮಂಡಳಿಗೆ ಹೊಸದಾಗಿ ಬರುವವರ ಕಡೆ — ತಾನು ಬರುವ ಮೊದಲೇ ಮನೆಯವರು ಉಂಡೇಳುವ ಒಬ್ಬ, ಜೊತೆಯವರೆಲ್ಲ ಚಹಾಕ್ಕೆ ಹೋದ ಮೇಲೆ ಮೇಜಿನಿಂದ ತಲೆಯೆತ್ತಿ ನೋಡುವ ಒಬ್ಬಳು, ಅರ್ಧ ಮರೆತುಹೋದವರು, ದೀಪ ಆರಿಸುವ ಮೊದಲೇ ಮಸುಕಾದವರು, ಅವರ ಪಕ್ಕ ಒಂದು ದಿನ ಯಾರೋ ಬಂದು ಕೂತು, ಹೋದ ವಾರ ಮೊಣಕಾಲು ನೋವು ಅಂದಿದ್ರಲ್ಲ, ಈಗ ಹೇಗಿದೆ, ಅನ್ನುತ್ತಾರೆ, ಅಷ್ಟೇ ಸಾಕು. ಓದುತ್ತಾ ಅವಳು ಪುಸ್ತಕವನ್ನು ಒಮ್ಮೆ ಮುಚ್ಚಿಬಿಟ್ಟಿದ್ದಳು, ಯಾಕೆಂದರೆ ಅಷ್ಟಕ್ಕೆ ತಾನೂ ಎದ್ದು ಹೋಗಿಬಿಡುತ್ತಿದ್ದಳೇನೋ, ಕಪ್ಪು ನಿಲುವಂಗಿ ನಿಮಗೆ ಒಪ್ಪುತ್ತೆ ಅಂದಿದ್ದರಂತೂ ಕೇಳುವುದೇ ಬೇಡ. ಯಜಮಾನಮ್ಮ ಪುಸ್ತಕದಲ್ಲಿ ಮೇಣದಬತ್ತಿ ಹಿಡಿದವರ ಚಿತ್ರ ನೋಡಿ ಕೇಳಿದ್ದೇ ಬೇರೆ, ಇಷ್ಟು ಮೇಣ ಚೆಲ್ಲಾಡ್ತಾರಲ್ಲ, ಈ ನಿಲುವಂಗಿ ಒಗೆಯೋರು ಯಾರು, ಮೇಣಕ್ಕೆ ಕಾಗದ ಇಟ್ಟು ಇಸ್ತ್ರಿ ಮಾಡ್ಬೇಕು, ರಕ್ತಕ್ಕೆ ತಣ್ಣೀರೇ ಆಗ್ಬೇಕು, ಬಿಸಿನೀರಿಗೆ ಹಾಕಿದ್ರೋ ಮುಗೀತು. ಅವಳು ನಕ್ಕಿದ್ದಳು, ಆಮೇಲೆ ಪುಟ ತಿರುಗಿಸಿದರೆ ಅದಕ್ಕೂ ಉತ್ತರ ಇತ್ತು, ಹೊಸಬರೇ ಒಗೆಯುತ್ತಾರಂತೆ, ಹೊಳೆಯ ಕಲ್ಲಿನ ಮೇಲೆ, ತಣ್ಣೀರಿನಲ್ಲಿ, ಒಗೆಯುತ್ತಾ ಮಾತಾಡುತ್ತಾರಂತೆ, ಮಂಡಳಿಯ ಮೇಲಿನ ನಿಷ್ಠೆ ಹುಟ್ಟುವುದು ಮಂತ್ರದಿಂದಲ್ಲ, ಆ ಕಲ್ಲಿನ ಹತ್ತಿರ. ಯಜಮಾನಮ್ಮನಿಗೆ ಓದಿ ಹೇಳಿದ್ದಕ್ಕೆ, ಬರೆದೋನು ಬಟ್ಟೆ ಒಗೆದೋನೇ ಬಿಡು.

ಬಟ್ಟೆ ಒಗೆದವನೋ ಇಲ್ಲವೋ, ಶಾಲೆಯ ಬಸ್ಸು ಓಡಿಸುವವನಂತೆ, ಸಂಪಾದಕಿ ಹೇಳಿದ್ದು, ಬೆಳಿಗ್ಗೆ ಮಕ್ಕಳನ್ನು ಇಳಿಸಿ ಸಂಜೆ ಹತ್ತಿಸುವ ತನಕ ಬಸ್ಸಿನಲ್ಲೇ ಕೂತು ಬರೆದನಂತೆ, ಸ್ಟಿಯರಿಂಗಿನ ಮೇಲೆ ಹಲಗೆ ಇಟ್ಟುಕೊಂಡು, ಮೊದಲ ಪುಸ್ತಕ, ಬೇರೆ ಯಾವ ಪತ್ರಿಕೆಯವರೂ ಮುಟ್ಟಿ ನೋಡಿಲ್ಲವಂತೆ, ನಾವೊಬ್ಬರೇ ಕಣಮ್ಮ, ಅದಕ್ಕೇ ನಿಂಗೆ ಕೊಟ್ಟಿದ್ದು, ನೀನು ಓದ್ತೀಯ ಅಂತ. ಓದ್ತೀಯ ಅಂತ. ಅವಳು ಮಾಡಿದ್ದೇನು, ಕ್ಲಿಪ್ಪು ಹಾಕಿ, ಈಚೆಗಿನ ಅರ್ಧವನ್ನಷ್ಟೇ ಓದಿ, ಮುಖಪುಟ ಚೆನ್ನಾಗಿದೆ, ಕಾಗದ ಗಟ್ಟಿಯಾಗಿದೆ, ಒಳಗಿನ ಗುಟ್ಟುಗಳನ್ನು ಓದುಗರೇ ಕಂಡುಕೊಳ್ಳಲಿ ಅಂತ ಜಾಣತನದಿಂದ ಬರೆದು ಕಳಿಸಿದಳು, ಸಂಪಾದಕಿ ಕೂಡಲೇ ಫೋನು ಮಾಡಿದಳು, ಏನಮ್ಮ ಇದು, ಮದುವೆಮನೆಗೆ ಹೋಗಿ ಬಾಗಿಲಲ್ಲೇ ಚಪ್ಪಲಿ ನೋಡ್ಕೊಂಡು ವಾಪಸ್ ಬಂದ ಹಾಗಿದೆ, ಹೆಣ್ಣು ಗಂಡು ಹೇಗಿದ್ರು. ದುಷ್ಟಸಂಘದ ಪುಸ್ತಕಕ್ಕೆ ಒಳಗುಟ್ಟೇ ಬೆನ್ನೆಲುಬು, ಅದು ನಿಲ್ಲುತ್ತೋ ಮುರಿಯುತ್ತೋ ಅಂತ ಹೇಳದೆ ವಿಮರ್ಶೆ ಹೇಗೆ ಆಗುತ್ತೆ, ಯಾರದೋ ಮೇಜಿನಲ್ಲಿ ಯಾರೋ ನಂಬಿ ಇದನ್ನ ಕೊಂಡ್ಕೊಂಡು ಆಡ್ತಾರೆ, ಗೊತ್ತಾಯ್ತಾ. ಗೊತ್ತಾಯಿತು. ಸಂಪಾದಕಿಗೆ ಅವಳು ತನ್ನ ನೂಲಿನ ಹುಡುಗಿಯ ವಿಷಯ ಹೇಳಲಿಲ್ಲ, ಹೇಗೆ ಹೇಳುವುದು, ನನ್ನ ಇಲ್ಲದ ಅಮ್ಮ ಆ ಬಾಗಿಲ ಹಿಂದೆ ಇರಬಹುದು ಅಂತಲೇ. ಸ್ವಂತ ಅಮ್ಮ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾಳೆ, ನಿನ್ನೆ ತಾನೇ ಒದ್ದೆ ಟವೆಲ್ಲು ಹಾಸಿಗೆ ಮೇಲೆ ಬಿಟ್ಟದ್ದಕ್ಕೆ ಬೈದಿದ್ದಾಳೆ. ಆದರೂ.

ಈ ಬೆನ್ನ ಹಿಂದಿನ ಭಯ ಅವಳಿಗೆ ಹಳೆಯದು. ಅಜ್ಜಿಯ ಮನೆಯಲ್ಲಿ ಕಥೆಗೆ ಒಂದು ಕಟ್ಟಳೆ ಇತ್ತು, ಆ ಕಥೆ ಕೇಳದ ಮಕ್ಕಳು ಅಜ್ಜಿಯ ಮುಂದೆ ಕೂರಬೇಕು, ಕೇಳಿದ ಮಕ್ಕಳು ಅವಳ ಬೆನ್ನ ಹಿಂದೆ, ತುಟಿ ಬಿಚ್ಚುವ ಹಾಗಿಲ್ಲ — ಮುಂದೆ ಕೂತವರಿಗೆ ಅಜ್ಜಿಯ ಮುಖ ಸಿಗುತ್ತಿತ್ತು, ರಕ್ಕಸ ಬಂದಾಗ ಅಗಲವಾಗುವ ಕಣ್ಣು, ರಾಜಕುಮಾರಿ ಅತ್ತಾಗ ನಡುಗುವ ಗಲ್ಲ, ಹಿಂದೆ ಕೂತವರಿಗೆ ತುರುಬು, ರವಿಕೆಯ ಬೆನ್ನು, ಅಷ್ಟೇ. ದೊಡ್ಡ ಮಕ್ಕಳಾಗುತ್ತಾ ಆಗುತ್ತಾ ಒಬ್ಬೊಬ್ಬರೇ ಹಿಂದಕ್ಕೆ ಸರಿಯುತ್ತಿದ್ದರು, ಅವಳಿಗೆ ಅದು ಬೇಡ, ಕೇಳಿದ ಕಥೆಯನ್ನೇ ಕೇಳಿಲ್ಲ ಅಂತ ಮುಂದೆ ಹೋಗಿ ಕೂತಳು ಒಂದು ಸಲ, ಬಾವಿಯ ಕಥೆ, ಅಜ್ಜಿ ಹೇಳುತ್ತಾ ಹೇಳುತ್ತಾ ನಿಲ್ಲಿಸಿದಳು, ರಕ್ಕಸ ಇನ್ನೂ ಬಾವಿಯೊಳಗೇ ಇದ್ದ, ಬಂದಿರಲಿಲ್ಲ, ಏ ಮಗಾ, ನಿಂಗೆ ಹೆದರಿಕೆ ಮೊದಲೇ ಬಂತಲ್ಲೇ, ಹಿಂದೆ ಹೋಗು. ಹೋದಳು. ಮುಖ ಕಾಣದ ಸಿಟ್ಟಿಗೆ ಅಜ್ಜಿಯ ಬೆನ್ನಿಗೆ ಹಣೆ ಒತ್ತಿ ಕೂತಳು, ಆಗ ಕಥೆ ಕಿವಿಯಿಂದಲ್ಲ, ಮೂಳೆಯಿಂದ ಬರತೊಡಗಿತು, ಗುಂಯ್ ಅಂತ, ಜೇನುಗೂಡಿಗೆ ಕಿವಿ ಕೊಟ್ಟ ಹಾಗೆ. ಅದು ಚೆನ್ನಾಗಿತ್ತು ಅಂತ ಒಪ್ಪಿಕೊಳ್ಳಲು ಅವಳಿಗೆ ಇವತ್ತಿಗೂ ಮನಸ್ಸಿಲ್ಲ. ಮುಂದೆ ಕೂರುವುದೇ ಚೆನ್ನ, ಗೊತ್ತಿಲ್ಲದವರಾಗಿ ಕೂರುವುದು — ಅಮ್ಮಾ, ಈ ಕೋಟಿಗೆ ಒಂದು ಗುಂಡಿ ಇಲ್ಲ, ಅಂದಳು ಯಜಮಾನಮ್ಮನಿಗೆ — ಇಲ್ದಿದ್ರೆ ಇಲ್ಲ ಅಂತ ಚೀಟಿ ಹಚ್ಚು, ನಾವು ತಿಂದಿದೀವಿ ಅಂತ ಬರ್ತಾನೆ ಆಮೇಲೆ.

ಊಟದ ಬಿಡುವಿನಲ್ಲಿ ಅವಳು ಎರಡು ಕಟ್ಟಡ ಆಚೆಗೆ ಹೋದಳು, ಸೂತ್ರಧಾರ ಅಲ್ಲಿ ಕೆಲಸದಲ್ಲಿದ್ದಾನೆ ಅಂತ ಗೊತ್ತಿತ್ತು, ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತ್ತು, ಬಾಗಿಲ ಸಂದಿಯಲ್ಲಿ ನೆಲದ ಮಟ್ಟಕ್ಕೆ ಅವನ ತಲೆಯಷ್ಟೇ ಕಾಣುತ್ತಿತ್ತು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು, ಗ್ರೀಸಿನ ಗೆರೆ ಹತ್ತಿದ ಹಣೆ, ಮಾತಾಡಬೇಕಾದರೆ ಅವಳು ನೆಲದ ಮೇಲೆ ಕೂರಬೇಕಾಯಿತು. ಏನೇ ಕನಸುಗಣ್ಣಿ, ಮೇಲೆ ಹೋಗ್ಬೇಕಾ, ಇವತ್ತಾಗಲ್ಲ. ಹೋಗಕ್ಕಲ್ಲ ಕಣೋ, ಒಂದು ಕೇಳ್ಬೇಕು. ಕೇಳಿದಳು, ಫೋನಿನಲ್ಲಿ ಹೂಂ ಅಂದದ್ದು, ಕಟ್ಟು ಬಿಚ್ಚಿದ್ದು, ಮಾತು ಕೊಟ್ಟದ್ದು, ಎಲ್ಲ ಹೇಳಿದಳು, ಅವನು ಸ್ಪ್ಯಾನರನ್ನು ಚಿಂದಿಯಿಂದ ಒರೆಸುತ್ತಲೇ ಇದ್ದ, ಅದು ಯಾವತ್ತೋ ಹಸನಾಗಿತ್ತು. ಓದ್ಬಿಟ್ಯಾ. ಇಲ್ಲ, ಕ್ಲಿಪ್ ಹಾಕಿದೀನಿ. ಕ್ಲಿಪ್ಪಾ, ಅಂತ ಅವನು ನಕ್ಕ, ನಗು ಲಿಫ್ಟಿನ ಬಾವಿಯೊಳಗೆ ಕೆಳಗಿಳಿದು ಹೋಯಿತು. ನೀನು ಓದಿರ್ಬೇಕಲ್ಲ ಮತ್ತೆ, ನಿನ್ನಂಥೋರಿಗೇ ಬರೆದಿರೋದು. ಇಲ್ಲ ಕಣೇ, ಪುಸ್ತಕದಂಗಡೀಲಿ ನೋಡ್ದೆ, ಕೈಗೆ ತಗೊಂಡೆ, ಇಟ್ಬಿಟ್ಟೆ. ಯಾಕೋ. ಅದರಲ್ಲಿ ಬೇರೇನೋ ಇದ್ದು ನಂದು ಸುಳ್ಳಾಗ್ಬಿಟ್ರೆ. ಮೇಲಿನ ಯಾವುದೋ ಮಹಡಿಯಲ್ಲಿ ಯಾರೋ ಗುಂಡಿ ಒತ್ತುತ್ತಿದ್ದರು, ಒತ್ತಿ ಒತ್ತಿ ಬೇಸತ್ತು ಮೆಟ್ಟಿಲು ಹಿಡಿದರು. ಹಲ್ಲುನೋವು ಇರ್ಲಿಲ್ಲ ನಂಗೆ, ಅಂದ ಅವನು, ನೆಂಟರೂ ಬಂದಿರ್ಲಿಲ್ಲ, ಆ ಬಾಗಿಲ ಹಿಂದೆ ಯಾರಿದಾರೆ ಅಂತ ನಂಗೇ ಗೊತ್ತಿಲ್ಲ, ಎರಡು ವರ್ಷದಿಂದ ದೊಡ್ಡವರ ಅಪ್ಪಣೆ, ದೊಡ್ಡವರ ಅಪ್ಪಣೆ ಅಂತ ಹೇಳ್ಕೊಂಡು ಬಂದೆ, ಆ ದೊಡ್ಡವರು ಯಾರು ಅಂತ ಯೋಚ್ನೇನೇ ಮಾಡಿರ್ಲಿಲ್ಲ, ಮುಂದೆ ಹೊಳೆಯುತ್ತೆ ಅಂದ್ಕೊಂಡೆ, ಹೊಳೀಲಿಲ್ಲ. ನನ್ನ ಹುಡುಗಿ ಬಾಗಿಲಲ್ಲಿ ನಿಂತಿದಾಳೆ ಕಣೋ. ಗೊತ್ತು. ಅವಳ ಅಮ್ಮ. ಅದೂ ಗೊತ್ತಿಲ್ಲ. ಅವಳಿಗೆ ಅವನ ಕಿವಿಯ ಪೆನ್ಸಿಲ್ಲನ್ನು ಕಿತ್ತು ಮುರಿಯಬೇಕು ಅನ್ನಿಸಿತು, ಆ ಹಣೆಯ ಗ್ರೀಸನ್ನು ಒರೆಸಬೇಕು ಅಂತಲೂ. ಓದು, ಅಂದ ಅವನು, ಓದಿ ನನ್ನ ಪಕ್ಕ ಬಂದು ಕೂತ್ಕೋ, ಇಬ್ರೂ ಸೇರಿ ಮುಗಿಸೋಣ. ಪಕ್ಕ ಕೂತ್ರೆ ಹುಡುಗಿ ಯಾರ ಕೈಗೆ. ಅವನು ಸ್ಪ್ಯಾನರನ್ನು ಚೀಲಕ್ಕೆ ಹಾಕಿದ, ಬೇಡ ಅಂದ್ರೆ ಬೇಡ ಬಿಡು, ನೀನು ನಿನ್ನ ಕುರ್ಚೀಲೇ ಇರು, ಅಮ್ಮನಿಗೆ ಏನೋ ಒಂದು ಹೊಂದಿಸ್ತೀನಿ.

ಏನೋ ಒಂದು. ಅಂಗಡಿಗೆ ವಾಪಸು ನಡೆಯುವಾಗ ಕಾಲು ಕಾಲಿಗೂ ಅದೇ ಮಾತು, ಏನೋ ಒಂದು, ಏನೋ ಒಂದು, ಎರಡು ವರ್ಷ ಹುಡುಕಿದ ಅಮ್ಮನಿಗೆ ಏನೋ ಒಂದು — ಸಿಟ್ಟು ಬರಲಿಲ್ಲ, ಅದೇ ಆಶ್ಚರ್ಯ, ಅಜ್ಜಿಯ ನೆನಪು ಬಂತು, ಕಡೆಕಡೆಯಲ್ಲಿ ಅಜ್ಜಿಗೂ ನಡುನಡುವೆ ಎಳೆ ತಪ್ಪುತ್ತಿತ್ತು, ಆಗ ಮುಂದಿನ ಮಕ್ಕಳಿಗೆ ಕಾಣದ ಹಾಗೆ, ತುರುಬನ್ನು ಸರಿಮಾಡಿಕೊಳ್ಳುವ ನೆಪದಲ್ಲಿ ಕತ್ತು ತಿರುಗಿಸಿ, ಹಿಂದಿದ್ದವರಿಗೆ ಪಿಸುಗುಟ್ಟುತ್ತಿದ್ದಳು, ಆಮೇಲೇನು ಮಗಾ. ಹಿಂದಿದ್ದವರು ಹೇಳುತ್ತಿದ್ದರು. ಕಥೆ ಮುಂದೆ ಹೋಗುತ್ತಿತ್ತು. ಹಿಂದೆ ಕೂರಿಸುವುದು ಶಿಕ್ಷೆ ಅಂತಲೇ ತಿಳಿದಿದ್ದಳಲ್ಲ ಇಷ್ಟು ದಿನ, ಅಂಗಡಿ ತಲುಪಿದರೆ ಕೌಂಟರಿನಲ್ಲಿ ಒಬ್ಬಾತ ಸೂಟು ಇಳಿಸಿ ನಿಂತಿದ್ದಾನೆ, ನಾಳೆ ಬೇಕು, ನಾಳೆ ಆಗಲ್ಲ ಸರ್, ನಾಡಿದ್ದು, ಸಂದರ್ಶನ ಇದೆಯಮ್ಮ, ಯಜಮಾನಮ್ಮ ಒಳಗಿಂದಲೇ, ಸಂದರ್ಶನ ಅಂದ್ರೆ ನಾಳೆ ಕೊಡೇ. ಸೂಟಿಗೆ ಚೀಟಿ ಹಚ್ಚಿದಳು. ಚೀಲ ಎಳೆದುಕೊಂಡಳು. ಕ್ಲಿಪ್ಪು ತೆಗೆದಳು, ತೆಗೆದದ್ದನ್ನು ಎಲ್ಲಿಡಬೇಕೋ ತಿಳಿಯದೆ ತನ್ನ ಕಾಲರಿಗೇ ಸಿಕ್ಕಿಸಿಕೊಂಡಳು.

ಮಂಡಳಿಯ ಒಳಕೋಣೆಯಲ್ಲಿ ಒಂದು ಪರದೆ ಇದೆ. ಪರದೆಯ ಈಚೆ ಬತ್ತಿ ಹೊಸೆಯುವ ಒಬ್ಬ ಹೆಂಗಸು ಕೂತಿರುತ್ತಾಳೆ, ಯಾರಾದರೂ ಅಪ್ಪಣೆ ಕೇಳಲು ಬಂದರೆ ಎದ್ದು ಪರದೆಯೊಳಗೆ ಹೋಗುತ್ತಾಳೆ, ಸ್ವಲ್ಪ ಹೊತ್ತಿನ ಮೇಲೆ ಹೊರಬಂದು ದೊಡ್ಡವರು ಹೀಗೆ ಹೇಳಿದರು ಅನ್ನುತ್ತಾಳೆ, ಮಂಡಳಿ ನಡೆಯುವುದು ಹಾಗೆ. ಪರದೆಯ ಆಚೆ ಒಂದು ಕುರ್ಚಿ. ಕುರ್ಚಿಯಲ್ಲಿ ಯಾರೂ ಇಲ್ಲ. ದೊಡ್ಡವರು ಎಂದೋ ಒಂದು ಚಳಿಗಾಲದ ಸಂಜೆ ಅದರಲ್ಲೇ ಸತ್ತುಹೋದರು, ಹೊರಗೆ ದೂರದಿಂದ ನಡೆದು ಬಂದ ಜನ ಕಾಯುತ್ತಿದ್ದರು, ಇನ್ನು ಮಂಡಳಿ ಇಲ್ಲ ಅಂದರೆ ಅವರು ಹೋಗುವುದೆಲ್ಲಿಗೆ, ಅವರನ್ನು ನೆನಪಿಟ್ಟುಕೊಂಡ ಮನೆ ಒಂದೂ ಇಲ್ಲ, ಹೆಂಗಸು ಪರದೆಯಿಂದ ಹೊರಬಂದು ತನಗೆ ತೋಚಿದ್ದು ಹೇಳಿದಳು, ದೊಡ್ಡವರು ಹೇಳಿದರು, ಎಲ್ಲರೂ ಉಂಡು ಮಲಗಿ, ನಾಳೆ ನೋಡೋಣ. ಮೊದಲ ಅಪ್ಪಣೆ ಅದು. ಮರುದಿನ ಇನ್ನೊಂದು. ಜನಕ್ಕೆ ಬರಬರುತ್ತಾ ಕಠಿಣವಾದದ್ದೇ ಬೇಕಾಯಿತು, ಮೆತ್ತಗಿನ ಅಪ್ಪಣೆ ಕೊಟ್ಟರೆ ದೊಡ್ಡವರಿಗೆ ನಮ್ಮ ಮೇಲೆ ಕೋಪವೇ ಅಂತ ಅಳುತ್ತಿದ್ದರು, ಅವಳು ಕೊಟ್ಟಳು, ದೀಪಗಳು ಆರಿದವು, ಒಂದೊಂದು ದೀಪಕ್ಕೂ ಅವಳದೇ ಬಾಯಿ, ಅದನ್ನು ಪುಸ್ತಕ ಮುಚ್ಚಿಡುವುದಿಲ್ಲ, ಅವಳು ಒಳ್ಳೆಯವಳು ಅಂತ ಎಲ್ಲೂ ಹೇಳುವುದಿಲ್ಲ, ಹೇಳುವುದು ಇಷ್ಟೇ, ಪ್ರತಿ ಸಲ ಪರದೆಯೊಳಗೆ ಹೋದಾಗ ಅವಳು ಒದ್ದೆ ಬಟ್ಟೆಯಿಂದ ಆ ಖಾಲಿ ಕುರ್ಚಿಯನ್ನು ಒರೆಸುತ್ತಾಳೆ, ಮೊದಲು ಕೈಹಿಡಿ, ಆಮೇಲೆ ಕೂರುವ ಜಾಗ, ಒರೆಸುತ್ತಾ ಒರೆಸುತ್ತಾ ಮುಂದಿನ ಸುಳ್ಳನ್ನು ಹುಡುಕುತ್ತಾಳೆ. ಒದ್ದೆ ಬಟ್ಟೆ, ಕೈಹಿಡಿ, ಕೂರುವ ಜಾಗ. ಓದುತ್ತಿರುವ ಅವಳಿಗೆ ಕಾಣುತ್ತಿದೆ, ಆ ಬಟ್ಟೆಯ ಅಂಚು ಎಳೆ ಬಿಟ್ಟಿದೆ, ಹೆಂಗಸಿನ ಬೆರಳ ತುದಿ ಹೊಸೆದು ಹೊಸೆದು ನುಣುಪಾಗಿದೆ, ಪುಸ್ತಕದಲ್ಲಿ ಅದಿಲ್ಲ, ಆದರೂ ಕಾಣುತ್ತಿದೆ — ಅಯ್ಯೋ, ಇವಳೇ. ಇನ್ಯಾರು. ಹುಡುಗಿಯ ಅಮ್ಮ ಇವಳೇ, ಬಸ್ಸು ಓಡಿಸುವವನಿಗೆ ಹುಡುಗಿಯ ಸುದ್ದಿಯೇ ಗೊತ್ತಿಲ್ಲ, ಲಿಫ್ಟಿನವನಿಗೆ ಈ ಹೆಂಗಸಿನ ಸುದ್ದಿ ಗೊತ್ತಿಲ್ಲ, ಇಬ್ಬರನ್ನೂ ಬಲ್ಲವಳು ಈ ಅಂಗಡಿಯಲ್ಲಿ ಕಾಲರಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ನಿಂತವಳೊಬ್ಬಳೇ. ಕೆಳಗೆ ಸೂತ್ರಧಾರರಿಗೆ ಒಂದು ಸೂಚನೆ: ಈ ಹೆಂಗಸನ್ನು ಯಾರೂ ಅವಳ ಬಗ್ಗೆ ಏನೂ ಕೇಳಿಲ್ಲ, ಎಲ್ಲರೂ ಕೇಳುವುದು ದೊಡ್ಡವರೇನಂದರು ಅಂತ, ಆಟಗಾರರಲ್ಲಿ ಯಾರಾದರೂ ಅವಳನ್ನೇ, ಅವಳ ಬಗ್ಗೆಯೇ ಏನಾದರೂ ಕೇಳಿದರೆ, ಎಷ್ಟೇ ಸಣ್ಣ ಮಾತಾಗಲಿ, ದಾಳ ಹಾಕಿಸಬೇಡಿ, ಅವಳು ಸುಳ್ಳು ಹೇಳಲಾರಳು. ಓದುತ್ತಿದ್ದವಳು ನಕ್ಕುಬಿಟ್ಟಳು, ಅಕ್ಕ, ಊಟ ಆಯ್ತಾ ಅಂತ ಅಕ್ಕ ಕೇಳುವುದು ಅದೊಂದನ್ನೇ ಅಲ್ಲವೇ, ಈ ಪುಣ್ಯಾತ್ಮ ಅಕ್ಕನನ್ನು ಎಲ್ಲಿ ನೋಡಿದ್ದ, ನಗು ನಡುವೆ ಎಲ್ಲೋ ತಿರುಗಿ ಕಣ್ಣಲ್ಲಿ ನೀರಾಯಿತು, ಯಜಮಾನಮ್ಮ ಕಂಡು, ಏನಾಯ್ತೇ, ಏನಿಲ್ಲ ಅಮ್ಮ, ಪುಸ್ತಕ, ಪುಸ್ತಕಕ್ಕೆ ಅಳು, ಸೂಟಿನ ಮೇಲೆ ಅಳಬೇಡ, ಅದು ಸಂದರ್ಶನದ್ದು.

ಈಗ ಏನು ಉಳಿಯಿತು, ಕುರ್ಚಿ ಬಿಡುವುದು ಉಳಿಯಿತು. ಬಿಡದೆಯೂ ಇರಬಹುದು, ಓದಿದ್ದು ಯಾರಿಗೂ ತಿಳಿಯುವುದಿಲ್ಲ, ಭಾನುವಾರ ಹೋಗಿ ಗೊತ್ತಿಲ್ಲದವಳ ಹಾಗೆ ಕೂತರೆ ಬಾಗಿಲು ತೆರೆಯುತ್ತದೆ, ಬಾಗಿಲ ಹಿಂದೆ ಸೂತ್ರಧಾರನ ಏನೋ ಒಂದು ಇರುತ್ತದೆ, ಹುಡುಗಿ ಅದನ್ನು ಅಮ್ಮಾ ಅನ್ನಬೇಕಾಗುತ್ತದೆ. ಇಲ್ಲವೇ ಅವನಿಗೆ ಹೇಳಿದರೆ ಹುಡುಗಿಗೆ ಅಮ್ಮ ಸಿಗುತ್ತಾಳೆ, ತನಗೆ ಸಿಗುವುದಿಲ್ಲ. ಎಷ್ಟು ಸಲ ತಿರುವಿ ಹಾಕಿದರೂ ಲೆಕ್ಕ ಅಷ್ಟೇ. ಫೋನು ತೆಗೆದು ಸೂತ್ರಧಾರನಿಗೆ ಬರೆದಳು, ಓದಿದೆ, ಭಾನುವಾರ ನಿನ್ನ ಪಕ್ಕ ನಾನು, ಬಾಗಿಲ ಹಿಂದೆ ಒಬ್ಬ ಹೆಂಗಸಿದ್ದಾಳೆ, ಅವಳ ಮಾತು ನಾನಾಡುತ್ತೇನೆ, ಇನ್ನು ಹಲ್ಲುನೋವು ಬರಬಾರದು. ಆಮೇಲೆ ಅಕ್ಕನಿಗೆ, ನಾನು ಗುಟ್ಟು ಓದಿಬಿಟ್ಟೆ, ನೂಲಿನ ಹುಡುಗಿಯನ್ನು ನೀನು ಇಟ್ಟುಕೋ. ಅಕ್ಕ ಕೂಡಲೇ ಫೋನು ಮಾಡಿದಳು, ನಿನ್ನ ಹುಡುಗಿ ನಂಗ್ಯಾಕೆ, ಅವಳು ಮಾತೆತ್ತಿದ್ರೆ ಅಳ್ತಾಳೆ, ನಂಗೆ ಅಳಕ್ಕೆ ಬರಲ್ಲ. ಅಳೋದು ಬೇಡ ಅಕ್ಕ, ನೀನು ಹೆಂಗೆ ಮಾತಾಡ್ತೀಯೋ ಹಂಗೇ ಆಡು. ಬೇಜಾರಾಗಿದ್ಯಾ. ಆಗಿದೆ. ಹೂಂ, ಅಂದಳು ಅಕ್ಕ, ಆಗ್ಲಿ ಬಿಡು, ಎರಡು ವರ್ಷ ಸಾಕಿದ್ಯಲ್ಲ, ನಾನು ಜೋಪಾನವಾಗೇ ನೋಡ್ಕೋತೀನಿ, ಬಾಗಿಲ ಹತ್ರ ಚಳಿ ಇರುತ್ತೆ ಅಲ್ವಾ, ಶಾಲು ಹೊದಿಸಲಾ. ಹೊದಿಸು. ಅಷ್ಟು ಹೇಳಿ ಅವಳು ಫೋನಿಟ್ಟಳು, ಇನ್ನು ಸ್ವಲ್ಪ ಹಿಡಿದಿದ್ದರೆ ಎಲ್ಲ ಬಾಯಿಬಿಟ್ಟುಬಿಡುತ್ತಿದ್ದಳು.

ಬಿಸಿಲು ಎದುರು ಗೋಡೆಯಿಂದ ಇಳಿದಿದೆ, ಯಜಮಾನಮ್ಮ ಹಬೆಯ ಯಂತ್ರ ನಿಲ್ಲಿಸಿದ್ದಾರೆ, ಅಂಗಡಿಗೆ ಒಮ್ಮೆಲೇ ಕಿವಿ ಬಂದ ಹಾಗೆ ಬೀದಿಯ ಸದ್ದೆಲ್ಲ ಕೇಳುತ್ತಿದೆ, ಅವಳು ಕೌಂಟರಿಗೆ ಒರಗಿ ಬರೆಯುತ್ತಿದ್ದಾಳೆ, ಗುಟ್ಟು ಹೇಳದೆ, ಗುಟ್ಟು ನಿಲ್ಲುತ್ತದೆ ಅಂತ ಹೇಳಿ. ಈ ಪುಸ್ತಕದ ದುಷ್ಟರು ನಮಗೆ ಹೆದರಿಕೆ ಹುಟ್ಟಿಸುವುದು ಅವರು ನಮ್ಮಂತಿಲ್ಲ ಅಂತಲ್ಲ ಎಂದು ಬರೆದಳು. ಬಟ್ಟೆ ಒಗೆಯುವ ಪುಟವನ್ನು ತಪ್ಪದೆ ಓದಿ ಎಂದು ಬರೆದಳು. ಕೊರತೆಯನ್ನೂ ಬರೆಯಬೇಕು, ಬಸ್ಸಿನವನ ಮುಖ ನೋಡಿಲ್ಲ, ಆದರೂ ಸ್ಟಿಯರಿಂಗಿನ ಮೇಲಿನ ಹಲಗೆ ಕಣ್ಣಿಗೆ ಬರುತ್ತದೆ, ಮಕ್ಕಳು ಹತ್ತುವ ಮೊದಲು ಅವಸರದಲ್ಲಿ ಮುಚ್ಚಿಡುವ ಹಾಳೆಗಳು, ಈ ವಿಮರ್ಶೆ ಓದುವಾಗಲೂ ಅವನು ಅಲ್ಲೇ ಕೂತಿರುತ್ತಾನೆ — ಬರೆಯದಿದ್ದರೆ ಅದು ಮತ್ತೆ ಕ್ಲಿಪ್ಪು ಹಾಕಿದ ಹಾಗೆಯೇ, ಬರೆದಳು: ದೀಪ ಆರಿದ ಮನೆಗಳಿಗೆ ಇಲ್ಲಿ ಒಂದು ಅಧ್ಯಾಯವೂ ಇಲ್ಲ, ಮರೆತವರು ಮರುದಿನ ಬೆಳಿಗ್ಗೆ ಹೇಗೆ ಎದ್ದರು, ಒಂದು ತಟ್ಟೆ ಹೆಚ್ಚಿಗೆ ಇಟ್ಟು ಯಾಕೆ ಇಟ್ಟೆವೆಂದು ಹೇಗೆ ದಿಗಿಲಾದರು, ಲೇಖಕರು ಅಲ್ಲಿಗೆ ಹೋಗಲಿಲ್ಲ, ಮುಂದಿನ ಪುಸ್ತಕದಲ್ಲಿ ಹೋಗಬೇಕು, ಅವರಿಗೆ ಆ ದಾರಿ ಗೊತ್ತಿದೆ. ಆಟಗಾರರಿಗೆ ಒಂದು ಮಾತು, ಹಿಂದಿನ ಅರ್ಧವನ್ನು ನೀವು ಓದಬೇಡಿ, ನಿಮ್ಮ ಪರವಾಗಿ ನಾನು ಓದಿದ್ದೇನೆ. ಸೂತ್ರಧಾರರಿಗೆ ಒಂದು ಮಾತು, ನಿಮಗೆ ತಿಳಿಯದ್ದು ಇದರಲ್ಲಿದೆ, ನಿಮ್ಮದನ್ನು ಅದು ಸುಳ್ಳು ಮಾಡುವುದಿಲ್ಲ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತದೆ. ಮೊದಲಿನಿಂದ ಒಂದು ಸಲ ಓದಿದಳು. ಒಂದು ಪದ ಹೊಡೆದುಹಾಕಿದಳು, ಮತ್ತೆ ಸೇರಿಸಿದಳು. ಬಾಗಿಲು ಎಳೀಲಾ, ಅಂದರು ಯಜಮಾನಮ್ಮ, ಒಂದು ನಿಮಿಷ ಅಮ್ಮ, ಕಳಿಸಿದಳು, ಹೋಯಿತು, ಬಂತು ಕಣಮ್ಮ ಅಂತ ಸಂಪಾದಕಿಯ ಉತ್ತರವೂ ಬಂತು, ಇನ್ನೇನೋ ಯೋಚಿಸಬೇಕಿತ್ತು, ಭಾನುವಾರ ಏನು ಹೇಳಬೇಕು, ಯಾವ ದನಿಯಲ್ಲಿ, ಯೋಚನೆ ಬರುತ್ತಿಲ್ಲ, ಪರದೆ ಇದೆ, ಪರದೆಯ ಆಚೆ ಕುರ್ಚಿ, ಒದ್ದೆ ಬಟ್ಟೆ, ಕೈಹಿಡಿ ಆಯಿತು, ಕೂರುವ ಜಾಗ, ಪರದೆಯ ಹೊರಗೆ ಅಂಗೈಯೊಂದು ಬಾಗಿಲು ತಳ್ಳಿದ ಸದ್ದು, ಒದ್ದೆ ಬಟ್ಟೆ, ನುಣುಪಾದ ಬೆರಳು, ಒರೆಸುವ ಕೈ ನಿಂತಿದೆ.